ಏಳು ನಿಮಿಷದ ನಿಲುಗಡೆ

ಪೈಪಿಗೆ ಹಿಡಿದ ಮೂರನೆಯ ಕಡ್ಡಿಯೂ ಆರಿತು.

"ಒಂದ್ನಿಮಿಷ," ಎಂದ ಇವನು, ನಾಲ್ಕನೆಯದನ್ನು ಗೀರುತ್ತ.

ಕಚೇರಿಯ ಹಿಂಬದಿಯ ಕಬ್ಬಿಣದ ಮೆಟ್ಟಿಲಲ್ಲಿ, ಇವನಿಗಿಂತ ಎರಡು ಮೆಟ್ಟಿಲು ಕೆಳಗೆ, ಟಿಕ್ಕಣ್ಣ ಸಿಗರೇಟು ಹಿಡಿದು ಕಾಯುತ್ತಿದ್ದ. ಅದು ಅವನ ಹೆಸರಲ್ಲ, ಕೆಲಸ. ರೈಲುಗಳ ವೇಳಾಪಟ್ಟಿ ತಯಾರಾಗುವ ಆ ಕಚೇರಿಯಲ್ಲಿ ಇವನು ನಕ್ಷೆ ಬರೆಯುತ್ತಾನೆ, ಅವನು ತಪ್ಪು ಹುಡುಕಿ ತಿದ್ದಿಸಿ ಬಲಮೂಲೆಯಲ್ಲಿ ಹಸಿರು ಪೆನ್ಸಿಲಿನಿಂದ ಟಿಕ್ಕು ಹಾಕುತ್ತಾನೆ. ಹಸಿರು ಟಿಕ್ಕು ಬೀಳದ ಹಾಳೆ ಅಚ್ಚಿಗೆ ಹೋಗುವಂತಿಲ್ಲ.

ಹನ್ನೊಂದು ವರ್ಷದಿಂದ ದಿನಾ ಹನ್ನೊಂದು ಗಂಟೆಗೆ ಇಬ್ಬರೂ ಈ ಮೆಟ್ಟಿಲಿಗೆ ಬರುತ್ತಾರೆ. ಒಂದು ಸಿಗರೇಟು, ಏಳು ನಿಮಿಷ. ಹಲ್ಲುನೋವು, ಸೆಖೆ, ಮೇಲಿನವರ ಬೈಗುಳ. ಮಾತು ಅದಕ್ಕಿಂತ ಕೆಳಗೆ ಇಳಿಯುವಷ್ಟರಲ್ಲಿ ಸಿಗರೇಟು ಮುಗಿದಿರುತ್ತದೆ. ಇವನಿಗೆ ಆ ಅಳತೆ ಹಿಡಿಸಿತ್ತು. ಅದಕ್ಕಿಂತ ಉದ್ದದ ಸ್ನೇಹ ಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ನಿನ್ನೆ ಟಿಕ್ಕಣ್ಣ ಸಿಗರೇಟಿನ ತುದಿಯನ್ನು ಹೊಸಕುತ್ತ, "ನಾಳೆ ಒಂದು ವಿಷಯ ಹೇಳ್ಬೇಕು. ನಿಂಗೊಬ್ಬನಿಗೇ," ಎಂದಿದ್ದ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇವನು ತಂಬಾಕಿನ ಅಂಗಡಿಗೆ ನುಗ್ಗಿ ಪೈಪು ಕೊಂಡ. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಇವನಿಗೇ ಗೊತ್ತಿರಲಿಲ್ಲ.

ಕೆಮ್ಮು ಹೆಚ್ಚಾಗಿದೆ, ಅದಕ್ಕೇ, ಎಂದು ಹೆಂಡತಿಗೆ ಹೇಳಿದ. ಪೈಪಿನ ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುವುದು, ಎದೆಗೆ ಇಳಿಯುವುದೇ ಇಲ್ಲ ಎಂದು ಅಂಗಡಿಯವನ ಮಾತನ್ನು ಗಿಳಿಪಾಠದಂತೆ ಒಪ್ಪಿಸಿದ.

"ಸಿಗರೇಟು ಬಿಡಿ ಅಂದ್ರೆ ಹೊಗೆಗೂಡನ್ನೇ ಹೊತ್ಕೊಂಡ್ ಬಂದ್ರಲ್ಲ," ಎಂದಳು ಹೆಂಡತಿ. ಆಮೇಲೆ ಬಟ್ಟೆ ಮಡಿಸುತ್ತ, "ನಿಮ್ಗೆ ಯಾವ್ದೂ ಎದೆಗೆ ಇಳಿಯಲ್ಲ ಬಿಡಿ. ಅದು ನಂಗೆ ಮೊದ್ಲಿಂದ ಗೊತ್ತು," ಎಂದಳು.

ಅದು ತಮಾಷೆಯೋ ದೂರೋ ತಿಳಿಯಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು ಕೇಳಲಿಲ್ಲ.

ಅಂಗಡಿಯವನು ತುಂಬುವ ಕ್ರಮವನ್ನೂ ಹೇಳಿಕೊಟ್ಟಿದ್ದ. ಮೂರು ಚಿಟಿಕೆ ತಂಬಾಕು. ಮೊದಲನೆಯದನ್ನು ಮಗುವಿನ ಕೈ ಒತ್ತಿದ ಹಾಗೆ ಹಗುರವಾಗಿ ಒತ್ತಬೇಕು, ಎರಡನೆಯದನ್ನು ಹೆಂಗಸಿನ ಕೈ ಒತ್ತಿದ ಹಾಗೆ, ಮೂರನೆಯದನ್ನು ಮಾತ್ರ ಗಂಡಸಿನ ಕೈಯಲ್ಲಿ. ಇವನು ಬೆಳಿಗ್ಗೆ ಮೂರನ್ನೂ ಗಂಡಸಿನ ಕೈಯಲ್ಲೇ ಒತ್ತಿದ್ದ. ಬಿಗಿಯಾಗಿದ್ದರೆ ಹೆಚ್ಚು ಹೊತ್ತು ಬರುತ್ತದೆ ಎಂಬ ಸಿಗರೇಟು ಸೇದುವವನ ಬುದ್ಧಿ. ಈಗ ಎಷ್ಟು ಎಳೆದರೂ ಒಳಗೆ ಗಾಳಿಯೇ ಆಡುತ್ತಿರಲಿಲ್ಲ.

"ಅದೇ, ನಿನ್ನೆ ಹೇಳಿದ್ನಲ್ಲ..." ಎಂದು ಟಿಕ್ಕಣ್ಣ ಶುರುಮಾಡಿದ.

"ಹೇಳು ಹೇಳು. ಕೇಳಿಸ್ಕೊಳ್ತಿದೀನಿ."

"ನಮ್ಮನೇಲಿ..."

ಅಷ್ಟರಲ್ಲಿ ಪೈಪು ಹೊತ್ತಿಕೊಂಡಿತು. ಇವನು ಹಳೇ ಚಾಳಿಯಂತೆ ಹೊಗೆಯನ್ನು ಎದೆ ತುಂಬ ಎಳೆದ. ಕಣ್ಣು ಕತ್ತಲೆ ಬಂತು. ಕಂಬಿ ಹಿಡಿದು ಬಾಗಿ ಕೆಮ್ಮಿದ. ಟಿಕ್ಕಣ್ಣ ಮೇಲೆ ಬಂದು ಬೆನ್ನು ಸವರಿದ.

"ಬಾಣಲೆಯಿಂದ ಬೆಂಕಿಗೆ ಬಿದ್ದೆಯಲ್ಲೋ."

ಕೆಮ್ಮು ನಿಂತ ಮೇಲೂ ಆ ಕೈ ಒಂದಿಷ್ಟು ಹೊತ್ತು ಅಲ್ಲೇ ಇತ್ತು. ಇವನು ಮೆಲ್ಲಗೆ ಬೆನ್ನು ಸರಿಸಿಕೊಂಡ.

"ಮನೇಲಿ ಅಂದ್ಯಲ್ಲ. ಎಲ್ಲಾ ಚೆನ್ನಾಗಿದಾರಾ?"

ಬಾಗಿಲು ಹಾಕಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಟಿಕ್ಕಣ್ಣ ಮತ್ತೆ ಎರಡು ಮೆಟ್ಟಿಲು ಕೆಳಗಿಳಿದು, "ಚೆನ್ನಾಗಿದಾರೆ," ಎಂದ.

ಅವನ ಸಿಗರೇಟು ಮುಗಿದಿತ್ತು. ಅವನು ಎರಡನೆಯದನ್ನು ತೆಗೆದು ಹೊತ್ತಿಸಿದ. ಹನ್ನೊಂದು ವರ್ಷದಲ್ಲಿ ಹಾಗೆ ಮಾಡಿದ್ದೇ ಇಲ್ಲ. ಇವನು ಅದನ್ನು ನೋಡಿದ, ನೋಡಿ ಹೆದರಿದ. ಯಾವುದಕ್ಕೆ ಹೆದರಿದೆನೆಂದು ಯೋಚಿಸುವ ಬದಲು ಪೈಪಿನ ಬಾಯೊಳಗೆ ಕಣ್ಣಿಟ್ಟ.

"ನಿಂಗೆ ಯಾವತ್ತಾದ್ರೂ..." ಎಂದ ಟಿಕ್ಕಣ್ಣ.

"ಒಂದ್ನಿಮಿಷ. ಮತ್ತೆ ಆರ್ತು."

ಕಡ್ಡಿ ಗೀರಿದ. ಪೆನ್ಸಿಲಿನ ಹಿಂಬದಿಯಿಂದ ಬೂದಿಯನ್ನು ಒತ್ತಿದ. ಇನ್ನೊಂದು ಗೀರಿದ. ಪೈಪಿನೊಳಗೆ ಎಂಜಲು ಗುಳುಗುಳು ಎಂದಿತು. ಎರಡನೆಯ ಸಿಗರೇಟೂ ಮುಗಿಯಿತು. ಟಿಕ್ಕಣ್ಣ ಅದನ್ನು ಕಾಲಡಿ ಹಾಕಿ, ಹೊಸಕದೆ ಹಾಗೇ ನಿಂತ.

"ಇರ್ಲಿ ಬಿಡು," ಎಂದ. "ಮೊದ್ಲು ಅದು ಹೊತ್ಕೊಳ್ಲಿ."

ಅವನು ಒಳಗೆ ಹೋದಾಗ ಇವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ನಾಳೆ ಕೇಳಿದರಾಯಿತು, ನಾಳೆ ಸಡಿಲವಾಗಿ ತುಂಬಿಕೊಂಡು ಬರುತ್ತೇನೆ ಎಂದುಕೊಂಡ.

ನಾಲ್ಕು ಗಂಟೆಗೆ ವಿಭಾಗದ ಮುಖ್ಯಸ್ಥೆ ಕರೆಸಿದಳು. ಕನ್ನಡಕವನ್ನು ಹಣೆಗೇರಿಸಿ ಒಂದು ಕಾಗದವನ್ನು ಇವನತ್ತ ತಳ್ಳಿದಳು. ಟಿಕ್ಕಣ್ಣನ ರಾಜೀನಾಮೆ. ಈ ದಿನವೇ ಕೊನೆಯ ದಿನ. "ಕಾರಣವನ್ನು ನನ್ನ ಸಹೋದ್ಯೋಗಿಗೆ ಖುದ್ದಾಗಿ ತಿಳಿಸಿರುತ್ತೇನೆ" ಎಂದು ಬರೆದು, ಇವನ ಹೆಸರು ಹಾಕಿದ್ದ. ಕೆಳಗೆ ನಿನ್ನೆಯ ತಾರೀಖಿತ್ತು, ಹೇಳುವ ಮೊದಲೇ ಬರೆದಿಟ್ಟಿದ್ದ.

"ನನ್ ಹತ್ರ ಬಾಯೇ ಬಿಡ್ಲಿಲ್ಲ. ಎಲ್ಲಾ ನಿಮ್ಗೆ ಹೇಳಿದೀನಿ ಅಂತ ಕಾಗದ ಇಟ್ಟು ಎರಡು ಗಂಟೆಗೇ ಹೋದ್ರು," ಎಂದಳು. "ಕಾರಣದ ಕಾಲಂ ಖಾಲಿ ಬಿಟ್ರೆ ಮೇಲಿಂದ ವಾಪಸ್ ಬರುತ್ತೆ. ಏನಂತ ಬರೀಲಿ?"

ಹೇಳಿಲ್ಲ ಎನ್ನಬಹುದಿತ್ತು. ಎಂದರೆ ಟಿಕ್ಕಣ್ಣ ಸುಳ್ಳನಾಗುತ್ತಾನೆ. ಅಥವಾ ಇವನು ಏನೋ ಒಂದು ಆಗುತ್ತಾನೆ, ಅದಕ್ಕೆ ಹೆಸರು ಹೊಳೆಯಲಿಲ್ಲ. ಪೈಪಿನ ಬಿಸಿಗೆ ಸುಟ್ಟ ನಾಲಗೆ ಬಾಯಲ್ಲಿ ಬೇರೆ ಯಾರದೋ ಇದ್ದ ಹಾಗಿತ್ತು.

"ಹೇಳಿದ," ಎಂದ. "ವೈಯಕ್ತಿಕ ಅಂತ ಬರೀರಿ."

"ಅಷ್ಟೇನಾ?"

"ಅಷ್ಟೇ."

ಮುಖ್ಯಸ್ಥೆ ಬರೆದಳು. "ನಿಮ್ಗಾದ್ರೂ ಹೇಳ್ಕೊಂಡ್ರಲ್ಲ, ಒಳ್ಳೇದಾಯ್ತು. ಮನುಷ್ಯಂಗೆ ಒಬ್ರಾದ್ರೂ ಬೇಕು."

ಬಾಗಿಲವರೆಗೆ ಹೋದವನು ತಿರುಗಿ ನಿಂತ. ಟಿಕ್ಕಣ್ಣನ ಮನೆ ಎಲ್ಲಿದೆಯೆಂದು ಇವನಿಗೆ ಗೊತ್ತಿರಲಿಲ್ಲ. ಮುಖ್ಯಸ್ಥೆಯ ಬೀರುವಿನಲ್ಲಿ ವಿಳಾಸ ಇದ್ದೇ ಇರುತ್ತದೆ. ಆದರೆ ಎಲ್ಲವನ್ನೂ ಹೇಳಿಕೊಂಡವನ ಮನೆ ಯಾವುದೆಂದು ಕೇಳುವುದು ಹೇಗೆ?

"ಇನ್ನೇನಾದ್ರೂ ಇತ್ತಾ?" ಎಂದಳು.

"ಏನಿಲ್ಲ."

ಟಿಕ್ಕಣ್ಣನ ಮೇಜು ಒರೆಸಿಟ್ಟ ಹಾಗೆ ಚೊಕ್ಕಟವಾಗಿತ್ತು. ಇವನು ಬೆಳಿಗ್ಗೆ ಕೊಟ್ಟ ನಕ್ಷೆಯೊಂದೇ ಉಳಿದಿತ್ತು, ಅದರ ಮೇಲೆ ಚೂಪುಮಾಡಿದ ಹಸಿರು ಪೆನ್ಸಿಲು. ಇವನು ಎರಡನ್ನೂ ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಹೋಗಿ ಕುಳಿತ. ಇವನು ಕುಳಿತದ್ದು ಎರಡು ಮೆಟ್ಟಿಲು ಕೆಳಗೆ, ಟಿಕ್ಕಣ್ಣನ ಜಾಗದಲ್ಲಿ.

ಹಾಳೆಯಲ್ಲಿ ಅಡ್ಡಕ್ಕೆ ಗಂಟೆ, ಉದ್ದಕ್ಕೆ ನಿಲ್ದಾಣ. ಹೋಗುವ ರೈಲು ಒಂದು ಓರೆ ಗೆರೆ, ಬರುವ ರೈಲು ಇನ್ನೊಂದು. ಒಂಟಿ ಹಳಿಯ ದಾರಿಯಲ್ಲಿ ಎರಡೂ ಸಂಧಿಸಬೇಕಾದರೆ ನಿಲ್ದಾಣದಲ್ಲೇ ಸಂಧಿಸಬೇಕು. ಒಂದು ನಿಂತು ಕಾಯಬೇಕು, ಇನ್ನೊಂದು ದಾಟಬೇಕು. ಈ ದಾರಿಯಲ್ಲಿ ಒಂದು ಸಣ್ಣ ನಿಲ್ದಾಣದಲ್ಲಿ ಏಳು ನಿಮಿಷದ ನಿಲುಗಡೆ ಇದೆ, ಕಣ್ಣು ಮುಚ್ಚಿ ಬರೆಯುವಂಥದ್ದು. ಬೆಳಿಗ್ಗೆ ಪೈಪಿನ ಗುಂಗಿನಲ್ಲಿ ಇವನು ಅದನ್ನೇ ಬಿಟ್ಟಿದ್ದ. ಗೆರೆ ನಿಲ್ಲದೆ ಮುಂದೆ ಹೋಗಿತ್ತು. ಎರಡು ರೈಲೂ ಬಯಲಿನ ನಡುವೆ ಎದುರುಬದುರಾಗಿದ್ದವು.

ಟಿಕ್ಕಣ್ಣ ಎಲ್ಲೂ ಗುರುತು ಮಾಡಿರಲಿಲ್ಲ. ಟಿಕ್ಕೂ ಹಾಕಿರಲಿಲ್ಲ. ನೋಡಿಯೇ ಇರಲಿಲ್ಲವೇ? ನೋಡಿ, ನೀನೇ ಕಾಣು ಎಂದು ಬಿಟ್ಟು ಹೋದನೇ? ನಮ್ಮನೇಲಿ ಎಂದನಲ್ಲ, ಮನೆಯಲ್ಲಿ ಏನು? ನಿಂಗೆ ಯಾವತ್ತಾದ್ರೂ ಎಂದನಲ್ಲ, ಯಾವತ್ತಾದರೂ ಏನು? ಹೊತ್ತು ಇಳಿಯುವವರೆಗೆ ಇವನು ಆ ಎರಡು ತುಂಡನ್ನು ಹೇಗೆ ಜೋಡಿಸಿದರೂ ಒಂದು ವಾಕ್ಯವಾಗಲಿಲ್ಲ.

ಪೈಪನ್ನು ಕಂಬಿಗೆ ಬಡಿದ. ಮೇಲಿನ ಬೂದಿ ಉದುರಿತು. ಕೆಳಗಿನದು ಅಲುಗಲಿಲ್ಲ. ಹಸಿರು ಪೆನ್ಸಿಲಿನ ಮೊನೆಯಿಂದ ಕೆದಕಿದ. ಮಗುವಿನ ಕೈಯಲ್ಲಿ ಒತ್ತಬೇಕಿದ್ದ ಮೊದಲ ಚಿಟಿಕೆ ಎಂಜಲಲ್ಲಿ ನೆನೆದು ಕಪ್ಪಗೆ ಹಾಗೇ ಕೂತಿತ್ತು. ಅದಕ್ಕೆ ಬೆಂಕಿ ಮುಟ್ಟಿರಲೇ ಇಲ್ಲ. ಇನ್ನಷ್ಟು ಕೆದಕಿದಾಗ ಪೆನ್ಸಿಲಿನ ಮೊನೆ ಮುರಿದು ಒಳಗೇ ಉಳಿಯಿತು.

ಮೇಲೆ ಬಾಗಿಲು ಕಿರುಗುಟ್ಟಿತು. ಅಚ್ಚಿನ ಮನೆಯಿಂದ ಹಾಳೆ ಒಯ್ಯಲು ಬರುವ ಹೆಂಗಸು ಇಣುಕಿದಳು.

"ಸಾರ್, ಗಾಡಿ ಕಾಯ್ತಿದೆ. ಟಿಕ್ಕು ಬಿತ್ತಾ?"

"ಒಂದ್ನಿಮಿಷ," ಎಂದು ಇವನು ಕಡ್ಡಿ ಗೀರಿದ.

ಸಂಜೆಯ ಮಬ್ಬಿನಲ್ಲಿ ಆ ಬೆಳಕು ತೊಡೆಯ ಮೇಲಿನ ಹಾಳೆಗೆ ಬಿತ್ತು. ಎರಡು ಗೆರೆಗಳು, ಎರಡೂ ನೇರ, ಅಚ್ಚುಕಟ್ಟು, ನಿಲ್ದಾಣವಿಲ್ಲದ ಜಾಗದ ಕಡೆಗೆ ಬರುತ್ತಿದ್ದವು. ಕಡ್ಡಿ ಉರಿದು ಬೆರಳಿನವರೆಗೆ ಬಂತು.