ಎಲುಬಿನ ಗುಡಿ

ಗಿರಿಜಾದೇವಿ ಲಂಡನ್ನಿನ ಅಂಚಿನ ಸಟನ್ನಿಗೆ, ಮಗನ ಮನೆಗೆ, ಬಂದಿಳಿದ ಮರುದಿನವೇ ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಊಟದ ಮೇಜಿನ ಮೇಲಿಟ್ಟಳು. ಒಳಗೆ ವಿಭೂತಿ ಗಟ್ಟಿ, ಒಣಗಿಸಿದ ಪತ್ರಿ, ಮಠದ ಮುಂದಿನ ಅಂಗಡಿಯ ಊದುಬತ್ತಿ.

“ನಾಳೆ ಗದ್ದಿಗಿಗೆ ಹೋಗೂಣು, ಭದ್ರಾ. ಎರಡು ವರ್ಷ ಆತು. ನಿಮ್ಮಪ್ಪಗ ಒಂದು ಪತ್ರಿ ಏರಿಸಿಲ್ಲ ನಾ.”

ವೀರಭದ್ರ ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿದ. “ನಾಳೆ ಆಗೂದಿಲ್ಲವ್ವ. ಅಲ್ಲಿ ರಸ್ತಾ ರಿಪೇರಿ ನಡದೈತಿ.”

ಸಿಂಕಿನ ಮುಂದೆ ನಿಂತಿದ್ದ ಅವನ ಹೆಂಡತಿ ಭುವನೇಶ್ವರಿ ಕೈಯಲ್ಲಿದ್ದ ಪಾತೇಲಿಯನ್ನು ಬೇಕಂತಲೇ ಸದ್ದು ಮಾಡಿ ಇಟ್ಟಳು. ಹದಿನೈದರ ಮಗಳು ಅಂಕಿತಾ ಫೋನಿನಿಂದ ತಲೆ ಎತ್ತಿ ಅಪ್ಪನನ್ನೊಮ್ಮೆ ನೋಡಿ ಮತ್ತೆ ತಗ್ಗಿಸಿದಳು. ರಸ್ತೆ ರಿಪೇರಿ ಇರಲಿಲ್ಲ ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪನನ್ನು ಹೂಳಿದ ಗದ್ದುಗೆಯೇ ಇರಲಿಲ್ಲ ಎಂಬುದೂ.

ಅಪ್ಪ ಮುರಿಗೆಪ್ಪ ಎರಡು ವರ್ಷದ ಹಿಂದೆ ಮೊಮ್ಮಗಳನ್ನು ನೋಡಲು ಒಬ್ಬನೇ ಬಂದಿದ್ದ. ಅವ್ವನಿಗೆ ಮೊಳಕಾಲಿನ ಆಪರೇಷನ್ ಆಗಿತ್ತು. ಬಂದವನು ಹೃದಯ ನಿಂತು ಇಲ್ಲೇ ಹೋದ. ತಮ್ಮ ಪೈಕಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನ ಹಾಕಿ ಕೂಡಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು, ಮಣ್ಣು ಮಾಡುತ್ತಾರೆ. ವೀರಭದ್ರ ಒಂದು ಸ್ಮಶಾನದ ಕಚೇರಿಗೆ ಫೋನ್ ಮಾಡಿದ. ಕೂಡಿಸಿ ಹೂಳಲು ಬರುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿಯೇ ಆಗಬೇಕು, ಅದಕ್ಕೂ ವಾರ ಕಾಯಬೇಕು ಎಂದರು. ಅವನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಆ ಶುಕ್ರವಾರ ಹೊಸ ಕಂಪ್ಯೂಟರ್ ಸಿಸ್ಟಮ್ ಚಾಲೂ ಆಗುವುದಿತ್ತು. ದಹನಗೃಹದಲ್ಲಿ ಗುರುವಾರ ಬೆಳಿಗ್ಗೆಯೇ ಜಾಗ ಖಾಲಿ ಇತ್ತು. ಎರಡನೆಯ ಸ್ಮಶಾನಕ್ಕೆ ಅವನು ಫೋನ್ ಮಾಡಲಿಲ್ಲ.

ಗುರುವಾರ ಸಂಜೆ ಅವ್ವ ಧಾರವಾಡದಿಂದ ಫೋನಿನಲ್ಲಿ ಅಳುತ್ತ, “ಕೂಡಿಸಿನ ಮಣ್ಣು ಮಾಡಿದ್ರಿಲ್ಲೊ? ಕೈಯಾಗ ಲಿಂಗ ಇಟ್ಟಿರಿಲ್ಲೊ?” ಎಂದು ಕೇಳಿದಳು. “ಹೂಂ ಅವ್ವ” ಎಂದ.

ಒಂದು ಹೂಂ. ಆದರೆ ಹೂಂ ಎಂದ ಮೇಲೆ ಅದಕ್ಕೊಂದು ಜಾಗ ಬೇಕಲ್ಲ. ಎಲ್ಲಿ ಅಂದಳು, ಗುಡ್ಡದ ಇಳಿಜಾರಿನಲ್ಲಿ ಅಂದ. ನೆರಳೈತೇನು ಅಂದಳು, ಆಲದಷ್ಟು ದೊಡ್ಡ ಓಕ್ ಗಿಡ ನೆಟ್ಟ. ದೀಪಾವಳಿ ಅಮಾವಾಸ್ಯೆಗೆ ಫೋನ್ ಮಾಡಿದಾಗ ಹೇಳಲು ಬೇರೇನೂ ಇಲ್ಲದೆ ಒಂದು ಅಳಿಲನ್ನೂ ಬಿಟ್ಟ. ಎಡೆ ಇಟ್ಟರೆ ಬಂದು ತಿಂದು ಹೋಗುತ್ತದೆ ಎಂದ. ಅವ್ವ ಅಂದು ಬಹಳ ಸಮಾಧಾನದಿಂದ ಫೋನ್ ಇಟ್ಟಿದ್ದಳು. ಹೋದ ವರ್ಷ ಬಸವ ಜಯಂತಿಯ ಊಟದಲ್ಲಿ, ಲಂಡನ್ನಿನ ಇನ್ನೊಂದು ಮೂಲೆಯ ಪಿನ್ನರಿನಲ್ಲಿರುವ ಕಲಬುರಗಿ ಕಡೆಯವರೊಬ್ಬರು ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು, “ನಮ್ಮ ತಂದೀನ್ನ ಇಲ್ಲೇ ಮಣ್ಣು ಮಾಡೀವ್ರಿ. ಮಲಗಿಸೇ ಮಾಡಿದ್ವಿ, ಆದ್ರ ಕೈಯಾಗ ಲಿಂಗ ಇತ್ತು. ಅಷ್ಟಾರ ಆತಲ್ರಿ” ಎಂದಾಗ ಅವನ ಬಾಯಲ್ಲಿದ್ದ ಹೋಳಿಗೆ ಹಿಟ್ಟಾಗಿತ್ತು.

ಇತ್ತ ವೀರಭದ್ರನ ಬಾಯಲ್ಲಿ ರಸ್ತೆ ರಿಪೇರಿ ಮುಗಿದ ಮೇಲೆ ಮಳೆ ಬಂತು. ಮಳೆ ನಿಂತ ಮೇಲೆ ಗಿಡಗಳಿಗೆ ರೋಗ ಬಂದು ಸ್ಮಶಾನದ ಬಾಗಿಲು ಹಾಕಿದರು. ಒಂದು ದಿನ ಭುವನೇಶ್ವರಿ ಮಲಗುವ ಕೋಣೆಯಲ್ಲಿ ಕೇಳಿಯೇಬಿಟ್ಟಳು.

“ನೀವು ಹೇಳ್ತೀರೊ, ನಾ ಹೇಳಲೊ?”

“ಹೇಳ್ತೀನಿ. ಪ್ರವಾಸ ಮುಗಿಸಿ ಬರೂಣು. ಮನಸ್ಸು ಹಗುರಾದ ಮ್ಯಾಲ ಹೇಳ್ತೀನಿ.”

“ಯಾರ ಮನಸ್ಸು?”

ಪ್ರವಾಸದ ಹಂಚಿಕೆ ಅವನು ಬಹಳ ಹಿಂದೆಯೇ ಹಾಕಿದ್ದ. ಅವ್ವ ಇನ್ನೂ ಊರಲ್ಲಿದ್ದಾಗಲೇ ಅವಳಿಗೆ ಯುರೋಪಿನ ವೀಸಾ ಮಾಡಿಸಿದ್ದ. ಮಗನೆಂದರೆ ಹೀಗಿರಬೇಕು ಎಂದು ಓಣಿಯವರೆಲ್ಲ ಹೊಗಳಿದ್ದರು. ನಾಲ್ಕು ದಿನ ಪ್ರಾಗ್. ಅದರಲ್ಲೊಂದು ದಿನ ಕುಟ್ನಾ ಹೋರಾ ಎಂಬ ಹಳೆಯ ಊರು. ಅವ್ವನ ಮೊಳಕಾಲಿನ ಸಲುವಾಗಿ ತಮಗಷ್ಟೇ ಒಂದು ಕಾರು, ಅದನ್ನು ಓಡಿಸುವ ಗೈಡು. ಬೆಳ್ಳಿ ಗಣಿಯ ಊರು, ದೊಡ್ಡ ಇಗರ್ಜಿ, ಕಲ್ಲು ಹಾಸಿದ ಓಣಿಗಳು, ಹೇಳಿದರೆ ಶಾಕಾಹಾರಿ ಊಟ: ಕೆಲಸಕ್ಕೆ ಹೋಗುವ ಟ್ರೇನಿನಲ್ಲಿ ನಿಂತು ಅಷ್ಟು ಓದಿ ಬುಕ್ ಮಾಡಿದ್ದ. ಕೆಳಗೆ ಇನ್ನೂ ಏನೇನೋ ಬರೆದಿತ್ತು. ಅಷ್ಟರಲ್ಲಿ ಇಳಿಯುವ ವಿಕ್ಟೋರಿಯಾ ಸ್ಟೇಷನ್ ಬಂದಿತ್ತು.

ಗೈಡ್ ಲೆಂಕಾ ಎಂಬ ನಗುಮುಖದ ಹೆಂಗಸು. ಅವ್ವನನ್ನು ಕೈ ಹಿಡಿದು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡಳು. ದಾರಿಯುದ್ದಕ್ಕೂ ಹಳದಿ ಹೂವಿನ ಹೊಲ ಕಂಡು ಅವ್ವ, “ಸಾಸಿವಿ ಅಲ್ಲೇನಿದು? ನೋಡು, ದೇವರು ಎಲ್ಲಾ ಕಡೆ ಒಂದ ಬೀಜ ಒಗದಾನ” ಎಂದು ಮೊದಲ ಸಲ ನಕ್ಕಳು. ವೀರಭದ್ರ ಇವತ್ತು ರಾತ್ರಿಯೇ ಹೇಳಿಬಿಡಬಹುದು ಎಂದುಕೊಂಡ.

ಊರಿನ ಅಂಚಿನಲ್ಲಿ ಕಾರು ನಿಂತಿತು. ಸಣ್ಣ ಗುಡಿಯಂಥ ಕಟ್ಟಡ, ಸುತ್ತ ಗೋರಿಗಳು. ಒಳಗೆ ಮೆಟ್ಟಿಲು ಕೆಳಗಿಳಿಯುತ್ತಿತ್ತು. ಅವ್ವ ಸೊಸೆಯ ಭುಜ ಹಿಡಿದು ಒಂದೊಂದೇ ಮೆಟ್ಟಿಲಿಳಿದು ತಲೆಯೆತ್ತಿದಳು. ಎತ್ತಿದ ತಲೆ ಹಾಗೇ ನಿಂತಿತು.

ನೆತ್ತಿಯ ಮೇಲೆ ತೂಗುದೀಪ ಇತ್ತು. ಎಲುಬಿನದು. ಅದರ ಬತ್ತಿಬಟ್ಟಲ ಕೆಳಗೆಲ್ಲ ತಲೆಬುರುಡೆ. ಕಮಾನಿನಿಂದ ಕಮಾನಿಗೆ ಬುರುಡೆಗಳ ತೋರಣ. ನಾಲ್ಕೂ ಮೂಲೆಗೆ, ಕಣದಲ್ಲಿ ಕಣಿಕೆ ಒಟ್ಟಿದಂತೆ ತೊಡೆಯೆಲುಬು, ತಲೆ, ತೊಡೆಯೆಲುಬು, ತಲೆ.

ಲೆಂಕಾ ಮೆಲುದನಿಯಲ್ಲಿ ಇಂಗ್ಲಿಷಿನಲ್ಲಿ ಕತೆ ಹೇಳಿದಳು. ಹಿಂದೆ ಇಲ್ಲಿಯ ಮಠಾಧಿಪತಿಯೊಬ್ಬ ಜೆರೂಸಲೇಮಿನಿಂದ ಒಂದು ಹಿಡಿ ಮಣ್ಣು ತಂದು ಈ ಸ್ಮಶಾನದ ಮೇಲೆ ಚೆಲ್ಲಿದನಂತೆ. ಆ ಮಣ್ಣಿನಲ್ಲಿ ಮಲಗಬೇಕೆಂದು ದೂರದೂರದವರೂ ಆಸೆಪಟ್ಟರಂತೆ. ಪ್ಲೇಗು ಬಂತು, ಯುದ್ಧ ಬಂತು, ಜಾಗ ಸಾಲದಾಯಿತು. ಹಳಬರನ್ನು ಅಗೆದು ತೆಗೆದು ಇಲ್ಲಿ ಒಟ್ಟಿದರು. ಮುಂದೆ ಒಬ್ಬ ಕುಶಲಕರ್ಮಿ ಬಂದು ಅವನ್ನೇ ಅಲಂಕಾರ ಮಾಡಿದ.

“ಏನಂತಾಳ ಆಕಿ?” ಅವ್ವ ಕೇಳಿದಳು.

ವೀರಭದ್ರನ ನಾಲಗೆ ಅವನಿಗಿಂತ ಮೊದಲೇ ಹೊರಟಿತು. “ಇವೆಲ್ಲ ಗಾರಿಯಿಂದ ಮಾಡಿದ್ದಂತವ್ವ. ಮಂದಿ ನೋಡ್ಲಿ ಅಂತ.”

“ಡ್ಯಾಡ್!” ಅಂಕಿತಾ ಹಿಂದಿನಿಂದ ಅಂದಳು. “ಶಿ ಡಿಡಂಟ್ ಸೇ ದಟ್.”

“ಏನಂತೈತಿ ಕೂಸು?”

“ಹಸಿವಾಗೈತಂತ.”

ಅವ್ವ ಒಂದು ಬುರುಡೆಯ ಹತ್ತಿರ ಹೋಗಿ, ಮುಟ್ಟದೆ, ಕನ್ನಡ ಶಾಲೆಯಲ್ಲಿ ಮಕ್ಕಳ ಪಾಟಿ ತಿದ್ದುತ್ತಿದ್ದ ಹಾಗೆ ಕನ್ನಡಕ ಏರಿಸಿ ನೋಡಿದಳು. “ಗಾರಿಗೆ ಹುಳುಕ ಹಲ್ಲು ಯಾಕ ಮಾಡ್ತಾರೊ? ಖರೇ ಹೇಳು.”

ಅವನು ಖರೇ ಹೇಳಿದ. ಹೇಳಿ ಮುಗಿಸುವ ತನಕ ಅವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು.

“ಒಂದು ಹಿಡಿ ಮಣ್ಣಿನ ಆಸೇಕ ಬಂದು ಮಲಗಿದವರನ್ನ ಎಬ್ಬಿಸಿ ತೋರಣ ಕಟ್ಟ್ಯಾರ” ಎಂದಳು. ಆಮೇಲೆ ಮಗನನ್ನು ಬಿಟ್ಟು ನೇರ ಲೆಂಕಾಳ ಕಡೆ ತಿರುಗಿ, ನೆಲದತ್ತ ಬೆರಳು ತೋರಿಸಿ, ಅಗೆದು ಎತ್ತುವ ಹಾಗೆ ಎರಡೂ ಕೈ ಮಾಡಿ, “ಲಂಡನ್?” ಎಂದಳು.

ಪ್ರವಾಸಿಗರಿಂದ ಇಂಥ ಪ್ರಶ್ನೆ ಬಂದದ್ದೇ ಲೆಂಕಾಗೆ ಖುಷಿ. “ಎಸ್, ಎಸ್! ಆಲ್ಸೋ ಇನ್ ಲಂಡನ್” ಎಂದಳು. ದೊಡ್ಡ ಊರುಗಳಲ್ಲಿ ಗೋರಿ ಗೇಣಿಗೆ ಕೊಟ್ಟ ಹಾಗೆ, ಗಡುವು ತೀರಿದ ಮೇಲೆ ಮತ್ತೊಬ್ಬರಿಗೆ ಕೊಡುವುದುಂಟು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವ್ವನಿಗೆ ಬೇಕಾದದ್ದು ಮೊದಲ ಎರಡು ಮಾತಿನಲ್ಲೇ ಸಿಕ್ಕಿತ್ತು.

ಬೆಳ್ಳಿ ನಾಣ್ಯ ಟಂಕಿಸುತ್ತಿದ್ದ ಅಂಗಳ, ಗಣಿಯವರ ಇಗರ್ಜಿ, ದ್ರಾಕ್ಷಿ ತೋಟದ ಇಳಿಜಾರು, ಎಲ್ಲಾ ಕಡೆಗೂ ಅವ್ವ ಬಂದಳು. ಯಾವುದನ್ನೂ ನೋಡಲಿಲ್ಲ. ಊಟಕ್ಕೆ ಕರಿದ ಚೀಜಿನ ತುಂಡು ಬಂತು. ತಟ್ಟೆಯನ್ನು ಮೊಮ್ಮಗಳ ಕಡೆ ಸರಿಸಿದಳು. “ಕೂಸಿಗೆ ಹಸಿವಾಗಿತ್ತಲ್ಲ.”

ಕಾರು ಪ್ರಾಗಿನ ದಾರಿ ಹಿಡಿದ ಮೇಲೆ ಮುಂದಿನ ಸೀಟಿನಿಂದ, ಹಿಂದೆ ತಿರುಗದೆ ಅಂದಳು. “ನಿಮ್ಮಪ್ಪನ್ನ ತಗಸು ಭದ್ರಾ. ಅವರು ತಗಿಯೂಕಿಂತ ಮದ್ಲ ನಾವ ತಗದು ಊರಿಗೆ ಒಯ್ಯೂಣು.”

“ಅವ್ವಾ, ಅದೆಲ್ಲಾ ಸುಮ್ನ ಆಗೂದಲ್ಲ...”

“ಅರ್ಜಿ ಕೊಡೂಣು. ನಾ ಸಹಿ ಮಾಡ್ತೀನಿ, ಹೇಣ್ತಿ ಅದೀನಿ. ಎಲುಬಷ್ಟ ಉಳದಿರ್ತಾವ, ಒಂದು ಚೀಲದಾಗ ಹಿಡೀತಾವ. ಅದಲುಬದಲು ಆಗ್ತಾವನ್ನೂ ಅಂಜಿಕಿನೂ ಇಲ್ಲ. ಕೈಯಾಗ ಲಿಂಗ ಇರ್ತೈತಿ. ಗುರ್ತು ಹತ್ತತೈತಿ.”

ಕನ್ನಡಿಯಲ್ಲಿ ಲೆಂಕಾ ನಕ್ಕು, ಅಮ್ಮನಿಗೆ ನಮ್ಮ ಊರು ಹಿಡಿಸಿತೇ ಎಂದು ಕೇಳಿದಳು. “ವೆರಿ ಮಚ್” ಎಂದ ವೀರಭದ್ರ. ಭುವನೇಶ್ವರಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಟನ್ನಿಗೆ ಮರಳಿದ ಮಾರನೆಯ ಮುಂಜಾನೆ ಅವ್ವ ಇಳಕಲ್ ಸೀರೆಯುಟ್ಟು, ಮೇಲೆ ಸ್ವೆಟರ್ ತೊಟ್ಟು, ಪೊಟ್ಟಣ ಹಿಡಿದು ಕುಳಿತಿದ್ದಳು. “ನಡಿ, ಅರ್ಜಿ ಕೊಡಾಕ ಆ ಕೌನ್ಸಿಲ್ ಆಫೀಸಿಗೆ ಹೋಗೂಣು.”

ರಸ್ತೆ ಇಲ್ಲ, ಮಳೆ ಇಲ್ಲ, ಗಿಡದ ರೋಗ ಇಲ್ಲ. ಹೂಳದೆ ಇದ್ದವನನ್ನು ಯಾವ ನೆಪ ಹೇಳಿ ಅಗೆಸುವುದು? ವೀರಭದ್ರ ಮೇಲಿನ ಕೋಣೆಗೆ ಹೋಗಿ, ಕಪಾಟಿನ ಖಾನೆಯಲ್ಲಿ ಪಾಸ್‌ಪೋರ್ಟುಗಳ ಕೆಳಗಿದ್ದ ಪ್ಲಾಸ್ಟಿಕ್ ಚೀಲ ತಂದ. ಅದರೊಳಗಿನ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಮೇಜಿನ ಮೇಲೆ, ಪೊಟ್ಟಣದ ಪಕ್ಕಕ್ಕಿಟ್ಟ. ಸುಡುವ ಮುಂಚೆ ಅಪ್ಪನ ಕೊರಳಿಂದ ಬಿಚ್ಚಿ, ಇದನ್ನು ಬೆಂಕಿಗೆ ಕೊಡಲಾಗದು ಎಂದು ದಹನಗೃಹದವರು ಮರಳಿಸಿದ್ದ ಲಿಂಗ. ಹಿಂದೆಂದೋ ಅಪ್ಪ ಎತ್ತಿನ ಬಂಡಿಯಿಂದ ಬಿದ್ದಾಗ ಕರಡಿಗೆಯ ಮಗ್ಗುಲಿಗೆ ಆಗಿದ್ದ ತಗ್ಗು ಹಾಗೇ ಇತ್ತು.

ಅವ್ವ ಆ ತಗ್ಗಿನ ಮೇಲೆ ಹೆಬ್ಬೆರಳಿಟ್ಟಳು.

“ಇದು ಇಲ್ಲಿ ಹೆಂಗ ಬಂತು?”

“ಅವ್ವಾ... ನಾವು ಸುಟ್ವಿ.”

“ನಾವು ಅನಬ್ಯಾಡ್ರಿ” ಎಂದಳು ಭುವನೇಶ್ವರಿ.

ಅವ್ವ ಅಳುತ್ತಾಳೆ, ಶಪಿಸುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಎರಡು ವರ್ಷ ಹೆದರಿದ್ದ. ಆದರೆ ಅವ್ವ ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ದನಿಯಲ್ಲಿ ಕೇಳಿದಳು. “ಓಕ್ ಗಿಡ?”

“ಇಲ್ಲವ್ವ.”

“ಅಳಿಲು?”

“ಅದೂ ಸುಳ್ಳ.”

“ಬೂದಿ ಎಲ್ಲಿ?”

ಬೂದಿ ಒಯ್ಯುತ್ತೀರಾ ಎಂದು ಅಲ್ಲಿಯವರು ಕೇಳಿದ್ದರು. ಬೂದಿಯನ್ನು ಏನು ಮಾಡಬೇಕೆಂದು ತಮ್ಮ ಪೈಕಿ ಯಾರಿಗೆ ಗೊತ್ತು? ನೀವೇ ನೋಡಿಕೊಳ್ಳಿ ಎಂದು ಬಂದಿದ್ದ. “ಅಲ್ಲೇ ಗುಲಾಬಿ ತ್ವಾಟ ಐತಿ. ಅದರಾಗ ಹಾಕ್ತಾರಂತ.”

“ನಡಿ.”

ಬಸ್ಸಿನಲ್ಲಿ ಇಬ್ಬರೇ ಹೋದರು. ಕರಡಿಗೆ ಅವ್ವನ ಎಡಗೈ ಮುಷ್ಟಿಯಲ್ಲಿತ್ತು. ತೋಟದಲ್ಲಿ ಗುಲಾಬಿ ಸವರಿ ಹೆಚ್ಚು ದಿನ ಆಗಿರಲಿಲ್ಲ. ಸಾಲುಸಾಲಾಗಿ ಮೊಂಡು ಕಡ್ಡಿಗಳು, ಬುಡಕ್ಕೊಂದೊಂದು ಹಿತ್ತಾಳೆ ಪಟ್ಟಿ. ಅವ್ವ ಪೊಟ್ಟಣ ಬಿಚ್ಚಿ, ಪತ್ರಿಯನ್ನು ಅಂಗೈಗೆ ಹಾಕಿಕೊಂಡು, ಸಾಲುಗಳ ನಡುವೆ ನಿಂತಳು.

“ಯಾವ ಗಿಡ?”

ಅವನಿಗೆ ಗೊತ್ತಿರಲಿಲ್ಲ. ಬೂದಿ ಚೆಲ್ಲಿದ ದಿನ ಅವನು ಬಂದಿರಲೇ ಇಲ್ಲ. ಗೊತ್ತಿಲ್ಲವ್ವ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕೈ ಎದ್ದಿತ್ತು. ಮೂರನೆಯ ಸಾಲಿನ ಒಂದು ಮೊಂಡು ಗಿಡದ ಕಡೆ ಬೆರಳು ಚಾಚಿ ನಿಂತಿತ್ತು.

ಅವ್ವ ಮೊಳಕಾಲು ಹಿಡಿದುಕೊಂಡು ಅಲ್ಲಿಗೆ ಹೋದಳು. ಕಷ್ಟಪಟ್ಟು ಬಗ್ಗಿ, ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು.

“ಪೆ... ಟ್ರಿ... ಷಾ. ಪೆಟ್ರಿಷಾ ಅಂತ ಬರದೈತಿ.” ನೆಟ್ಟಗಾಗಿ ಮಗನತ್ತ ನೋಡಿದಳು. “ಕೈ ಇಳಸು.”

ಅವನು ಇಳಿಸಿದ.

ಪತ್ರಿಯನ್ನು ಅವಳು ಯಾವ ಗಿಡಕ್ಕೂ ಹಾಕಲಿಲ್ಲ. ಮತ್ತೆ ಪೊಟ್ಟಣಕ್ಕೆ ಸುರಿದು ಮಡಿಚಿ ಚೀಲಕ್ಕಿಟ್ಟಳು. “ಇದನ್ನ ನಮ್ಮ ಹೊಲದಾಗ ನಿಮ್ಮಜ್ಜನ ಗದ್ದಿಗಿ ಬಾಜೂಕ ಮಣ್ಣು ಮಾಡ್ತೀನಿ” ಎಂದು ಮುಷ್ಟಿ ತೋರಿಸಿದಳು. “ಅವರಿಗೆ ಆಗದ್ದು ಇದಕ್ಕರ ಆಗಲಿ. ಲಗೂನ ಹೋಗೂ ಹಂಗ ಟಿಕೆಟ್ ಬದಲ ಮಾಡಸು.”

“ಅವ್ವಾ, ಊರಾಗ ಮಂದಿ ಕೇಳಿದ್ರ...”

“ಅದನ್ನ ಕೇಳ್ತಿ ಅಂತ ಗೊತ್ತಿತ್ತು.” ಅವ್ವ ಬಸ್‌ಸ್ಟಾಪಿನ ಕಡೆ ಕಾಲೆಳೆಯುತ್ತ ಹೊರಟಿದ್ದಳು. “ಗದ್ದಿಗಿ ನೋಡಿ ಬಂದೆ ಅಂತೀನಿ. ದೊಡ್ಡ ಗಿಡ ಐತಿ, ನೆರಳೈತಿ ಅಂತೀನಿ. ಎಡಿ ಇಟ್ರ ಅಳಿಲು ಬಂದು ತಿಂತು ಅಂತನೂ ಹೇಳ್ತೀನಿ.” ಉಸಿರು ಹಿಡಿಯಲು ಒಂದು ಗಳಿಗೆ ನಿಂತಳು. “ಅಳಿಲಂತೂ ಚೊಲೊ ಕಟ್ಟಿದ್ದಿ.”