ಕರೆ ಬಾರದ ಬೆಂಕಿ

ಇಲಾಖೆಯಲ್ಲಿ ಹಣ ಕಡಿಮೆ. ಇರುವ ಅಗ್ನಿಶಾಮಕ ಗಾಡಿಗಳನ್ನೇ ಶಿವಮೊಗ್ಗ, ಭದ್ರಾವತಿಗಳಿಗೆ ಹೇಗೆ ಹಂಚಬೇಕೆಂದು ಲೆಕ್ಕ ಹಾಕಿಕೊಡುವ ಗುತ್ತಿಗೆ ಕೆಲಸ ಮಧುಶ್ರೀಯದು. ಬೆಂಕಿ ಬಿದ್ದಿದೆಯೆಂದು ಹಿಂದಿನ ವರ್ಷಗಳಲ್ಲಿ ಬಂದ ಕರೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದಳು. ಉತ್ತರ ಬಂತು: ಭದ್ರಾವತಿಯ ಓಲ್ಡ್ ಟೌನಿನಿಂದ ಕರೆಗಳೇ ಇಲ್ಲ, ಆ ಕಡೆಯ ಗಾಡಿಯನ್ನು ಶಿವಮೊಗ್ಗಕ್ಕೆ ತರಬಹುದು.

ಮಧುಶ್ರೀ ಬೆಳೆದದ್ದೇ ಓಲ್ಡ್ ಟೌನಿನಲ್ಲಿ, ಸೋದರತ್ತೆ ದುರ್ಗಮ್ಮನ ಮೆಸ್ಸಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಬೆಂಕಿ ಬಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಒದ್ದೆ ಗೋಣಿಚೀಲ ತರುತ್ತಾರೆ, ಮರಳು ಎರಚುತ್ತಾರೆ, ಆರಿದ ಮೇಲೆ ಗೋಡೆಗೆ ಸುಣ್ಣ ಬಳಿಯುತ್ತಾರೆ. ಫೋನ್ ಮಾಡಿದರೆ ಹಿಂದೆಯೇ ಲೈಸೆನ್ಸ್ ಕೇಳುವವರು ಬರುತ್ತಾರೆಂಬ ಭಯ.

ಇದನ್ನು ಮೇಲಧಿಕಾರಿ ಷಡಕ್ಷರಪ್ಪನವರಿಗೆ ಹೇಳಿದಳು.

“ನಿಮ್ಮ ಬೀದಿ ಕತೆ ಹಾಕಕ್ಕಾಗಲ್ಲಮ್ಮ. ಬೆಂಕಿ ಬಿದ್ದಿತ್ತು ಅಂತ ನಾಲ್ಕು ಜನ ಬರೆದುಕೊಡ್ಲಿ, ಸೇರಿಸೋಣ. ಸೋಮವಾರದೊಳಗೆ.”

ಭಾನುವಾರ ಭದ್ರಾವತಿಯ ಬಸ್ ಹತ್ತಿದಳು. ಬರೆದುಕೊಡು ಎಂದದ್ದಕ್ಕೆ ಗುಜರಿ ಅಂಗಡಿಯ ನಾಗಯ್ಯ ನಕ್ಕ. “ನಮ್ಮಲ್ಲಿ ಒಲೆ ಹತ್ತೋದೇ ಕಷ್ಟ, ಬೆಂಕಿ ಎಲ್ಲಿಂದ ಬೀಳುತ್ತೆ ಮಾರಾಯ್ತಿ?” ಅವನ ತಲೆಯ ಮೇಲಿನ ತೊಲೆ ಇನ್ನೂ ಕರಿಕಲಾಗಿತ್ತು.

ಉಳಿದದ್ದು ಅತ್ತೆ. ಹೋದ ದೀಪಾವಳಿಯಲ್ಲಿ ಮೆಸ್ಸಿನ ಅಡುಗೆಮನೆ ಹೊತ್ತಿಕೊಂಡಾಗ ಸಂಪಿನಿಂದ ನೀರು ಮೊಗೆದುಕೊಟ್ಟವಳು ಮಧುಶ್ರೀಯೇ.

“ನೀನು ಬರೆದುಕೊಟ್ರೆ ಉಳಿದವರೂ ಕೊಡ್ತಾರೆ ಅತ್ತೆ. ಇಲ್ದಿದ್ರೆ ಗಾಡಿ ಹೋಗುತ್ತೆ.”

“ಯಾವ ಬೆಂಕಿ?” ದುರ್ಗಮ್ಮ ಸಾರು ಬಡಿಸುತ್ತಲೇ ಕೇಳಿದಳು.

“ನಾನೇ ಇದ್ನಲ್ಲ.”

“ನೀನೀಗ ಆಫೀಸಿನವಳು ಕಣೆ. ಊಟ ಮಾಡು.”

ಉಣ್ಣುತ್ತಿದ್ದವರೆಲ್ಲ ತಟ್ಟೆ ನೋಡುತ್ತ ಕೂತರು. ಅವಳನ್ನು ಲಂಗ ತೊಟ್ಟ ಕಾಲದಿಂದ ಕಂಡವರು. ಊಟ ಮುಗಿಸಿ ತಟ್ಟೆ ತೊಳೆಯಲು ಎದ್ದರೆ ಅತ್ತೆ ಕೈಯಿಂದ ಇಸಿದುಕೊಂಡಳು, ನೆಂಟರಿಂದ ಇಸಿದುಕೊಳ್ಳುವ ಹಾಗೆ.

ಸೋಮವಾರ ಕಂಪ್ಯೂಟರಿನ ಮುಂದೆ ಕೂತು ಓಲ್ಡ್ ಟೌನಿಗೆ ತನಗೆ ಗೊತ್ತಿದ್ದ ಬೆಂಕಿಗಳನ್ನೆಲ್ಲ ತುಂಬಿದಳು. ಕಂಪ್ಯೂಟರಿನ ಲೆಕ್ಕದಲ್ಲಿ ಗಾಡಿ ಭದ್ರಾವತಿಯಲ್ಲೇ ಉಳಿಯಿತು. ಯಾರು ಹೇಳಿದರು ಎಂದು ಕೇಳಿದರೆ ತೋರಿಸಲು ಒಂದು ಹೆಸರೂ ಇರಲಿಲ್ಲ. ಎಲ್ಲ ಅಳಿಸಿ, ಸೊನ್ನೆ ಹಾಕಿ ಕಳಿಸಿದಳು. ವರದಿ ಚೊಕ್ಕವಾಗಿದೆ ಎಂದರು ಷಡಕ್ಷರಪ್ಪ.

ಗಾಡಿ ಹೋದ ದಿನ ಅವಳು ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನ ರೂಮಿನಲ್ಲಿದ್ದಳು. ಅತ್ತೆಯ ಫೋನ್ ಬಂತು.

“ತಗೊಂಡ್ಹೋದ್ರು ಕಣೆ. ನಾನು ಬರೆದುಕೊಡ್ಲಿಲ್ಲ ಅಂತಾನಾ?”

“ಇಲ್ಲ ಅತ್ತೆ. ಬರೆದುಕೊಟ್ಟಿದ್ರೂ ಹೋಗ್ತಿತ್ತು.”

“ಹಂಗಾದ್ರೆ ಸರಿ.”

ಮೆಸ್ಸಿಗೆ ಜನ ಬಂದರೆಂದು ದುರ್ಗಮ್ಮ ಫೋನ್ ಇಟ್ಟಳು. ಪ್ರತಿ ಸಲ ಹೇಳುತ್ತಿದ್ದ ಹಾಗೆ ಊಟಕ್ಕೆ ಬಾ ಎಂದು ಮಾತ್ರ ಈ ಸಲ ಹೇಳಲಿಲ್ಲ.