ಏಕನಾಥ ಆರಿಸದ ಪರದೆ

ಚಟ್ಟಕ್ಕೆ ನಾಲ್ಕನೆಯ ಹೆಗಲು ಕೊಡಲು ಗುಂಡೇರಾವ ಮುಂದೆ ಬಂದಾಗ, ಮುಜೀಬೋದ್ದೀನನಿಗೆ ತನ್ನ ಹೆಗಲ ಬಿದಿರನ್ನು ಅಲ್ಲೇ ಇಳಿಸಿ ನಡೆದುಬಿಡಬೇಕೆನಿಸಿತು. ಚಿಂತಾಕಿ ಊರಿನ ಆ ದಲಿತ ಓಣಿಯಲ್ಲಿ ಗಂಡಸರೇ ಉಳಿದಿರಲಿಲ್ಲ. ಎರಡು ವರ್ಷ ಮಳೆ ಕೈಕೊಟ್ಟು ಅರ್ಧ ಊರು ಹೈದರಾಬಾದು, ಪುಣೆಗಳಿಗೆ ಕೂಲಿಗೆ ಹೋಗಿತ್ತು. ಮನೆಗಳಿಗೆ ಬೀಗ ಬಿದ್ದಿತ್ತು. ಸಕ್ಕರೆ ಕಾರ್ಖಾನೆಯ ಮ್ಯಾನೇಜರ ಗುಂಡೇರಾವ ಹೆಗಲು ಕೊಟ್ಟದ್ದು ಒಂದು ಫೋಟೋ ತೆಗೆಯುವಷ್ಟು ಹೊತ್ತು. ಡ್ರೈವರ ಮೊಬೈಲು ಜೇಬಿಗಿಟ್ಟ ಕೂಡಲೇ ಸಾಹೇಬ ಅವನನ್ನೇ ಆ ಜಾಗಕ್ಕೆ ನೂಕಿ, ಕರವಸ್ತ್ರ ತೆಗೆದು ಹೆಗಲನ್ನು ಎರಡು ಸಲ ಒರೆಸಿಕೊಂಡ.

ಸತ್ತವನು ಏಕನಾಥ. ಇಪ್ಪತ್ತು ವರ್ಷ ಭಾಲ್ಕಿ ಕಡೆಯ ಆ ಕಾರ್ಖಾನೆಯ ಕಂಪ್ಯೂಟರ ಕೋಣೆ ನೋಡಿಕೊಂಡವನು. ಕೊನೆಯ ಮೂರು ತಿಂಗಳು ಗೇಟಿನಲ್ಲಿ ಕೂತು ಗಾಡಿಗಳ ನಂಬರ ಬರೆದವನು. ನಿನ್ನೆ ಅದೇ ಗೇಟಿನಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ.

*

ಹಿಂದಿನ ದಸರೆಯ ಹೊತ್ತಿಗೆ ಕಾರ್ಖಾನೆಯ ದೊಡ್ಡ ಕಂಪ್ಯೂಟರ ಇನ್ನೂ ಗಟ್ಟಿಯಾಗಿತ್ತು. ಆದರೆ ಅದಕ್ಕೆ ಜೋಡಿಸಿದ ಹಸಿರು ಅಕ್ಷರದ ಹಳೆಯ ಪರದೆಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಬದಲಿ ಆರಿಸುವ ಕೆಲಸ ಏಕನಾಥನಿಗೆ ಬಂತು. ಅವನು ಹೈದರಾಬಾದಿನಿಂದ ಒಂದು ಥಿನ್ ಕ್ಲೈಂಟನ್ನು ಪರೀಕ್ಷೆಗೆಂದು ಕೇಳಿ ತಂದ. ಬುತ್ತಿ ಡಬ್ಬಿಯಷ್ಟಿನ ಪೆಟ್ಟಿಗೆ. ಫ್ಯಾನಿಲ್ಲ, ಆದ್ದರಿಂದ ಧೂಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಕೆಲಸವೆಲ್ಲ ದೊಡ್ಡ ಕಂಪ್ಯೂಟರಿನದೇ, ಇದು ತೋರಿಸುವುದಷ್ಟೇ. ಕಬ್ಬಿನ ಗಾಡಿ ತೂಗುವ ಮುಜೀಬನ ಕಾಟಾ ಕೋಣೆಯಲ್ಲಿ ಅದನ್ನು ಹದಿನೈದು ದಿನ ಇಟ್ಟ. ಹಳೆಯ ಪರದೆಯ ಹಾಗೆಯೇ ನಡೆದುಕೊಳ್ಳುವ ಎಮ್ಯುಲೇಶನ್ ಸಾಫ್ಟ್‌ವೇರುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದ. ಮುಜೀಬನಿಗೆ ಕಣ್ಣು ಮುಚ್ಚಿಸಿ ಬಟನ್ ಒತ್ತಿಸಿದ. ಇಪ್ಪತ್ತು ವರ್ಷದ ಬೆರಳಿನ ರೂಢಿ ತಪ್ಪಬಾರದೆಂದು. ಕೆಲಸದ ನಡುವೆ ದೊಡ್ಡ ಕಂಪ್ಯೂಟರಿಗೆ ಹೋಗುವ ವಾಯರು ಕಿತ್ತು ಮತ್ತೆ ಹಚ್ಚಿದ.

“ಲೈನ್ ಹೋಗಿ ಬಂದ್ರೂ ಈ ಪರದಿ ತನ್ನ ಹೆಸರು ಮರೀಬಾರದ್ರಿ ಮುಜೀಬಭಾಯ್,” ಎಂದಿದ್ದ. “ದೊಡ್ಡ ಕಂಪ್ಯೂಟರ ಆ ಹೆಸರು ನೋಡೇ ಚೀಟಿ ಕಳಸ್ತದ. ಮರೆತ್ರ ನಿಮ್ಮ ತೂಕದ ಚೀಟಿ ಎಲ್ಲೋ ಛಾಪಾ ಆಗ್ತದ. ಇಲ್ಲಿ ಎತ್ತು ನೀರಡಿಸಿ ನಿಂತಿರ್ತಾವ.”

ಅವನ ಮೂರು ಪುಟದ ವರದಿಯ ಮೇಲೆ ಗುಂಡೇರಾವ ಚಹಾದ ಕಪ್ಪು ಇಟ್ಟ. ತನ್ನ ಷಡ್ಡಕನ ಅಂಗಡಿಯಿಂದ ಹೊಳೆಯುವ ಕಂಪ್ಯೂಟರುಗಳನ್ನೂ ಯಾರೂ ಕೇಳರಿಯದ ಒಂದು ಸಾಫ್ಟ್‌ವೇರನ್ನೂ ತರಿಸಿದ. ‘ಏಕನಾಥ ಆರಿಸಿದ್ದು, ಕಾಟಾದಲ್ಲಿ ಪರೀಕ್ಷಿಸಲಾಗಿದೆ, ಸರಿಯಾಗಿದೆ’ ಎಂಬ ಕಾಗದವನ್ನು ಮುಜೀಬನ ಮುಂದೆ ಹಿಡಿದು, ಮುಂದಿನ ಕಬ್ಬಿನ ಹಂಗಾಮಿಗೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಯೋಚಿಸುತ್ತಿರುವೆನೆಂದ. ಮುಜೀಬ ಓದಲು ಬಾರದವನಂತೆ ಸಹಿ ಹಾಕಿದ.

ಲೈನು ದಿನಕ್ಕೆ ಹತ್ತು ಸಲ ಹೋಯಿತು. ಪ್ರತಿಸಲವೂ ಪರದೆ ಹೊಸ ಹೆಸರಿನಿಂದ ಎದ್ದು ಬಂತು. ತೂಕದ ಚೀಟಿ ಅರ್ಧ ಕಿಲೋಮೀಟರ ಆಚೆಯ ಆಫೀಸಿನಲ್ಲಿ ಹೊರಬಿತ್ತು. ಏಕನಾಥ ಆ ಚೀಟಿಗಳನ್ನು ಹಿಡಿದು ಬಿಸಿಲಿನಲ್ಲಿ ಓಡಾಡಿದ. ಸಾಲಿನಲ್ಲಿ ನಿಂತ ಎರಡು ಎತ್ತು ಸತ್ತ ದಿನ ಗಾಡಿಯವರು ಗೇಟು ಮುರಿದರು. ಗುಂಡೇರಾವ ಆ ಕಾಗದ ತೆಗೆದು ತೋರಿಸಿದ. ಮರುದಿನದಿಂದ ಏಕನಾಥ ಗೇಟಿಗೆ ಬಂದ. ಮುಜೀಬ ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋಗತೊಡಗಿದ.

*

ತ್ರಿಶರಣ, ಪಂಚಶೀಲಗಳ ಪಠಣವಾಗಿ ಚಿತೆ ಹೊತ್ತಿಕೊಂಡ ಮೇಲೆ ಜನ ಬುದ್ಧವಿಹಾರದ ಮುಂದಿನ ಪೆಂಡಾಲಿನಲ್ಲಿ ಕೂತರು. ಗುಂಡೇರಾವ ಮೈಕು ಹಿಡಿದ. ಒಳ್ಳೆಯ ಮನುಷ್ಯ ಎಂದ. ಈ ಸಮಾಜದಿಂದ ಬಂದೂ ಅಷ್ಟು ಓದಿದ್ದ ಎಂದ. ಯಂತ್ರ ಆರಿಸುವಲ್ಲಿ ಒಂದು ತಪ್ಪಾಯಿತು, ಕಾರ್ಖಾನೆ ಅದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ ಎಂದ.

ಮುಜೀಬನಿಗೆ ಆ ಬಾಯಿಯ ಮೇಲೆ ಹೇಸಿಗೆ ಬಂತು. ಅದಕ್ಕಿಂತ ಹೆಚ್ಚು, ತೊಡೆಯ ಮೇಲೆ ತೆಪ್ಪಗೆ ಕೂತಿದ್ದ ತನ್ನ ಬಲಗೈ ಮೇಲೆ. ಅವನು ಎದ್ದು ನಿಂತ.

“ಆ ಪರದಿ ಏಕನಾಥ ಆರಿಸಿದ್ದಲ್ರಿ,” ಎಂದ. “ಸಾಹೇಬರ ಷಡ್ಡಕನ ಮಾಲದು. ಪರೀಕ್ಷಾ ಆಗ್ಯಾದ ಅಂತ ಸುಳ್ಳು ಸಹಿ ಹಾಕಿದಾವ ನಾನು.”

ಗುಂಡೇರಾವ ನಕ್ಕು, ದುಃಖದಲ್ಲಿ ಮನುಷ್ಯ ಏನೇನೋ ಅನ್ನುತ್ತಾನೆ ಎಂದು ಮೈಕಿನಲ್ಲೇ ಹೇಳಿದ. ಹೆಂಗಸರ ನಡುವಿನಿಂದ ಏಕನಾಥನ ಹೆಂಡತಿ ಅಂಜನಾಬಾಯಿ ತಲೆ ಎತ್ತಿದಳು.

“ಅವರಿಗಿ ಗೊತ್ತಿತ್ರಿ,” ಎಂದಳು. “ನೀವಾಗೇ ಬಂದು ಹೇಳ್ತೀರಿ ಅಂತಿದ್ರು. ಮೂರು ತಿಂಗಳು ಹಾದಿ ನೋಡಿದ್ರು.”



ಆಗ ಊರ ಬಾಗಿಲಿನಲ್ಲಿ ನೀರಿನ ಟ್ಯಾಂಕರಿನ ಹಾರ್ನು ಕೇಳಿತು. ನಾಲ್ಕು ದಿನಕ್ಕೊಮ್ಮೆ ಬರುವ ಟ್ಯಾಂಕರು ಯಾರ ಸಾವಿಗೂ ಕಾಯುತ್ತಿರಲಿಲ್ಲ. ಮುದುಕರು, ಹೆಂಗಸರು, ಎಲ್ಲರೂ ಎದ್ದು ಕೊಡಗಳಿಗೆ ಓಡಿದರು. ಗುಂಡೇರಾವನ ಡ್ರೈವರನೂ ಬಾಟಲಿ ಹಿಡಿದು ಹೋದ. ಖಾಲಿ ಕುರ್ಚಿಗಳ ಮುಂದೆ ಗುಂಡೇರಾವ ಇನ್ನೂ ಮೈಕು ಹಿಡಿದು, ಕಾರ್ಖಾನೆಯ ಸಂಸ್ಕೃತಿಯ ಬಗ್ಗೆ ಹೇಳುತ್ತಲೇ ಇದ್ದ.

ಸಾಲಿನ ಕಟ್ಟಕಡೆಗೆ, ಏಕನಾಥನ ಮನೆಯ ಎರಡು ಖಾಲಿ ಕೊಡಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಮುಜೀಬೋದ್ದೀನ ನಿಂತಿದ್ದ. ಸಾಲು ಒಂದು ಹೆಜ್ಜೆ ಸರಿದಾಗ ಅವನು ಬಗ್ಗಿ, ಮೊದಲು ಒಂದು ಕೊಡವನ್ನು, ಆಮೇಲೆ ಇನ್ನೊಂದನ್ನು ಮುಂದಕ್ಕಿಟ್ಟ.